ಕದಿರ ರೆಮ್ಮವ್ವೆಯ ರಾಟೆ ಮತ್ತು ನಮ್ಮ ಆಫೀಸು

ಈಚೆಗೆ ಕಂಪನಿಗಳಿಗೆ ಸೃಜನಶೀಲತೆಯ ಹುಚ್ಚು ಹಿಡಿದಿದೆ. ಶುಕ್ರವಾರ ಮಧ್ಯಾಹ್ನ ಎಲ್ಲರನ್ನೂ ಒಂದು ಹಾಲಿನಲ್ಲಿ ಕೂಡಿಸಿ ಕೈಗೆ ಬ್ರಶ್ಶೋ ಜೇಡಿಮಣ್ಣೋ ಕೊಡುತ್ತಾರೆ. ಎರಡು ಗಂಟೆ ಬಣ್ಣ ಬಳಿದು, ಫೋಟೋ ತೆಗೆಸಿಕೊಂಡು, ಮತ್ತೆ ಅದೇ ಎಕ್ಸೆಲ್ ಶೀಟಿಗೆ ಮರಳಬೇಕು. ಇದನ್ನು ಗೇಲಿ ಮಾಡುವುದು ಸುಲಭ. ಆದರೆ ಇದರ ಹಿಂದಿರುವ ನಂಬಿಕೆ ಕಂಪನಿಗಳದ್ದು ಮಾತ್ರವಲ್ಲ. ಕೆಲಸ ಬೇರೆ, ಕಲೆ ಬೇರೆ. ಕಲೆಯನ್ನು ಹೊರಗಿನಿಂದ ತಂದು ಕೆಲಸದ ಮೇಲೆ ಚಿಮುಕಿಸಬೇಕು ಎನ್ನುವ ಈ ನಂಬಿಕೆ ನಮ್ಮ ಕಥೆ ಕಾದಂಬರಿಗಳಲ್ಲೂ ಗಟ್ಟಿಯಾಗಿ ಕೂತಿದೆ.

ಯಶವಂತ ಚಿತ್ತಾಲರ 'ಶಿಕಾರಿ'ಯನ್ನೇ ತೆಗೆದುಕೊಳ್ಳಿ. 1979ರಲ್ಲಿ ಬಂದ ಈ ಕಾದಂಬರಿಯನ್ನು ಮುಂಬಯಿ ಕನ್ನಡಿಗರಾದ ನಾವು ಎದೆಗವಚಿಕೊಂಡು ಓದಿದ್ದೇವೆ, ಕಾರಣವಿದೆ. ಕಾರ್ಪೊರೇಟ್ ಜಗತ್ತಿನ ಒಳಸಂಚು, ನಗುಮುಖದ ಕ್ರೌರ್ಯ, ಒಂದು ಪತ್ರ ಮನುಷ್ಯನ ಹೊಟ್ಟೆಯಲ್ಲಿ ಎಬ್ಬಿಸುವ ನಡುಕ, ಇವನ್ನು ಇಷ್ಟು ಆಳಕ್ಕಿಳಿದು ಬರೆದ ಕನ್ನಡ ಕೃತಿ ಇನ್ನೊಂದನ್ನು ನಾನಂತೂ ಓದಿಲ್ಲ. ಇಂದಿಗೂ ಯಾರನ್ನಾದರೂ ಎಚ್‌ಆರ್ ಮೀಟಿಂಗಿಗೆ ಕರೆದರೆ ನನಗೆ ನಾಗಪ್ಪ ನೆನಪಾಗುತ್ತಾನೆ. ಆದರೆ ಪುಸ್ತಕ ಮುಚ್ಚಿಟ್ಟ ಮೇಲೆ ಮನಸ್ಸಿನಲ್ಲಿ ಉಳಿಯುವುದು ಅವನ ಭಯ, ಅವನ ಬಾಲ್ಯ, ಅವನ ಒಂಟಿತನ. ಅವನ ಕೈಗೆ ಒಂದು ವಿದ್ಯೆಯಿತ್ತು, ಅದರಲ್ಲಿ ಅವನಿಗೆ ಖುಷಿಯಾದ ದಿನಗಳಿದ್ದವು ಎಂಬುದು ಓದುಗನಿಗೆ ತಟ್ಟುವುದೇ ಇಲ್ಲ. ಕೆಮಿಸ್ಟ್ರಿ ಇಲ್ಲಿ ನಾಗಪ್ಪನಿಗೆ ಹುದ್ದೆ ಕೊಡಿಸುತ್ತದೆ, ಹುದ್ದೆ ಅವನನ್ನು ಬಲೆಗೆ ಕೆಡವುತ್ತದೆ, ಅಷ್ಟೇ.

ಇದು ನನಗೆ ಸೋಜಿಗ. ಚಿತ್ತಾಲರು ಸ್ವತಃ ಪಾಲಿಮರ್ ತಂತ್ರಜ್ಞರು. ಹನೇಹಳ್ಳಿಯಿಂದ ಬಂದು, ಮುಂಬಯಿಯ ಕಂಪನಿಯಲ್ಲಿ ದೊಡ್ಡ ಜವಾಬ್ದಾರಿ ಹೊತ್ತು ದಶಕಗಟ್ಟಲೆ ದುಡಿದವರು. ರಾಳ ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬ ಸೂಕ್ಷ್ಮ ಅವರಿಗೆ ಚೆನ್ನಾಗಿ ಗೊತ್ತಿದ್ದಿರಲೇಬೇಕು. ಆ ಸೂಕ್ಷ್ಮದ ಒಂದು ಪುಟ ನಾಗಪ್ಪನಿಗೆ ಸಿಕ್ಕಿದ್ದರೆ ಅವನ ನಷ್ಟ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಬೇಟೆಯಾದದ್ದು ಒಬ್ಬ ಅಧಿಕಾರಿ ಮಾತ್ರವಲ್ಲ, ಒಬ್ಬ ಕಸುಬುದಾರ ಕೂಡ ಎಂದು ಅನಿಸುತ್ತಿತ್ತು.

ಕೆಲಸವೇ ಪುಟದ ಮೇಲೆ ಬರುವುದು ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಕಾರಂತರ 'ಬೆಟ್ಟದ ಜೀವ'ಕ್ಕೆ (1943) ಹೋಗಬೇಕು. ಕುಮಾರಪರ್ವತದ ತಪ್ಪಲಲ್ಲಿ ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯ ಅತಿಥಿಗೆ ತನ್ನ ನೆಲವನ್ನು ತೋರಿಸುವ ರೀತಿ ನೋಡಿ. ಮಗ ಮನೆ ಬಿಟ್ಟು ಹೋದ ನೋವು ಆ ಮನೆಯಲ್ಲಿದೆ, ಆದರೂ ನೆಲದ ಮಾತು ಬಂದರೆ ಮುದುಕನ ದನಿಯೇ ಬದಲಾಗುತ್ತದೆ. ಅವನಿಗೆ ಕಲೆಯ ಕಾರ್ಯಾಗಾರ ಬೇಕಿಲ್ಲ. ನೀವು ಹೇಳಬಹುದು: ಅದು ಅವನ ಸ್ವಂತ ನೆಲ ಸ್ವಾಮಿ, ನಾವು ದುಡಿಯುವುದು ಇನ್ನೊಬ್ಬರ ಕ್ಲೈಂಟಿಗೆ. ಒಪ್ಪಬೇಕಾದ ಮಾತು. ಹಾಗಾದರೆ ಜಯಂತ ಕಾಯ್ಕಿಣಿಯವರ 'ಒಪೆರಾ ಹೌಸ್' ಕಥೆಯ ಇಂದ್ರನೀಲನನ್ನು ಏನೆನ್ನೋಣ? ಅವನು ಸಿನಿಮಾ ಥಿಯೇಟರಿನಲ್ಲಿ ಕಸ ಗುಡಿಸುವವನು. ಥಿಯೇಟರ್ ಅವನದಲ್ಲ, ಸಿನಿಮಾ ಅವನದಲ್ಲ. ಆಟ ಮುಗಿದ ಮೇಲೆ ಕುರ್ಚಿಯಡಿ ಜನ ಬಿಟ್ಟುಹೋದ ವಸ್ತುಗಳು ಮಾತ್ರ ಅವನ ಕಣ್ಣಿಗೆ ಬೀಳುತ್ತವೆ. ಹಾಗೆ ಸಿಕ್ಕಿದ ಒಂದು ಫ್ಲಾಸ್ಕು ಅವನನ್ನು ಕಾಡತೊಡಗುತ್ತದೆ. ಬಿಟ್ಟುಹೋದವರ ಬಗ್ಗೆ ಅಷ್ಟು ಯೋಚಿಸುವ ಕಣ್ಣು ಅವನಿಗೆ ಗುಡಿಸುವ ಕೆಲಸದಿಂದಲೇ ಬಂದದ್ದು. ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಊರ ಹಂಬಲಕ್ಕಾಗಿ, ಕಾವ್ಯಗುಣಕ್ಕಾಗಿ ಹೊಗಳುವವರು ಬಹಳ. ಅವು ದುಡಿಮೆಯ ಕಥೆಗಳು ಎಂದು ಯಾಕೋ ಕಡಿಮೆ ಜನ ಹೇಳುತ್ತಾರೆ.

ಇವರೆಲ್ಲರಿಗಿಂತ ಎಂಟು ಶತಮಾನ ಹಿಂದೆ ಕದಿರ ರೆಮ್ಮವ್ವೆ ಎಂಬ ನೂಲುವ ಹೆಂಗಸು ಒಂದು ವಚನ ಬರೆದಳು. ತನ್ನ ರಾಟೆ ಯಾವ ಕುಲದ್ದು ಎಂದು ಲೋಕಕ್ಕೆ ತಿಳಿಸುವ ವಚನ. ಅಡಿಯಿಂದ ಶುರುವಾಗಿ ಬಿಡಿಭಾಗಗಳನ್ನು ಹೆಸರು ಹಿಡಿದು ಕರೆಯುತ್ತಾಳೆ, ಬ್ರಹ್ಮ, ವಿಷ್ಣು, ರುದ್ರರನ್ನು ಅವುಗಳಲ್ಲಿ ಕೂರಿಸುತ್ತಾಳೆ. ಕುಲ ಕೇಳುವ ಸಮಾಜಕ್ಕೆ ರಾಟೆಯ ಕುಲ ಹೇಳುವುದರಲ್ಲಿರುವ ತುಂಟತನವನ್ನೂ ಗಮನಿಸಬೇಕು. ನೂಲು ಸುತ್ತಿ ಕದಿರು ತುಂಬುವ ಹೊತ್ತಿಗೆ ಗಂಡ ಹೊಡೆದಾನು ಎಂಬ ಭಯವೂ ಬಂದುಬಿಡುತ್ತದೆ. ಅಂದರೆ ನಾಗಪ್ಪನ ಭಯ ಇಲ್ಲೂ ಇದೆ. ಆದರೆ ಭಯದ ಜೊತೆಗೆ ಉಪಕರಣವೂ ಇದೆ, ಹಲಗೆಯಿಂದ ಕದಿರಿನ ತನಕ. ವಚನಕಾರರ ಕಾಯಕದ ಬಗ್ಗೆ ನಾವು ವೇದಿಕೆಗಳಲ್ಲಿ ಆಡುವ ಮಾತು ನೀತಿಬೋಧೆಯಾಗಿ ಸವೆದುಹೋಗಿದೆ. ಈ ವಚನದ ಸೊಗಸು ನೀತಿಯಲ್ಲಿಲ್ಲ, ಹೆಸರುಗಳಲ್ಲಿದೆ.

ನಮ್ಮ ತೊಡಕು ಇಲ್ಲೇ. ರೆಮ್ಮವ್ವೆಯ ರಾಟೆಗೆ ಕನ್ನಡವಿತ್ತು. ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ದುಡಿಯುವ ನಮ್ಮ ದಿನದ ಹತ್ತು ಗಂಟೆಗೆ ಕನ್ನಡವಿಲ್ಲ. ಬೆಳಿಗ್ಗೆ ಲಾಗಿನ್ ಆದಾಗ ಭಾಷೆಯನ್ನು ಚಪ್ಪಲಿಯಂತೆ ಹೊರಗೆ ಬಿಡುತ್ತೇವೆ. ಸಂಜೆ ಮತ್ತೆ ಮೆಟ್ಟಿಕೊಂಡಾಗ ಅದು ನಮ್ಮನ್ನು ಕರೆದೊಯ್ಯುವುದು ಊರಿನ ಮಳೆಗೆ, ಅಮ್ಮನ ತಂಬುಳಿಗೆ, ಸಂಘದ ರಾಜ್ಯೋತ್ಸವಕ್ಕೆ. ಹಾಗಾಗಿ ಕೆಲಸದಲ್ಲಿ ಚೆಲುವು ಕಂಡರೂ ಅದನ್ನು ಹೇಳುವ ಅಭ್ಯಾಸ ನಮ್ಮ ಕನ್ನಡಕ್ಕೆ ಆಗಿಲ್ಲ.

ಚೆಲುವು ಇಲ್ಲವೆನ್ನಬೇಡಿ. ಡೊನಾಲ್ಡ್ ಕ್ನೂತ್ ಅವರು ತಮ್ಮ ಮಹಾಗ್ರಂಥಕ್ಕೆ ಪ್ರೋಗ್ರಾಮಿಂಗಿನ ಕಲೆ ಎಂದೇ ಹೆಸರಿಟ್ಟರು, ಮೊದಲ ಸಂಪುಟ ಬಂದದ್ದು 1968ರಲ್ಲಿ. 1984ರಲ್ಲಿ ಇನ್ನೂ ಮುಂದೆ ಹೋಗಿ, ಪ್ರೋಗ್ರಾಮನ್ನು ಸಾಹಿತ್ಯದ ಹಾಗೆ, ಯಂತ್ರಕ್ಕಿಂತ ಮೊದಲು ಮನುಷ್ಯ ಓದಲಿ ಎಂದು ಬರೆಯಬೇಕೆಂದು ವಾದಿಸಿದರು. ಉದ್ಯಮ ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೂ ಹಳೆಯ ಕೋಡಿನ ನಡುವೆ, ಕೆಲಸ ಬಿಟ್ಟುಹೋದ ಯಾರೋ ಒಬ್ಬರು "ಇಲ್ಲಿ ಹುಷಾರು, ಈ ಸಾಲು ತೆಗೆದರೆ ತಿಂಗಳ ಕೊನೆಯ ಲೆಕ್ಕ ತಪ್ಪುತ್ತದೆ" ಎಂಬರ್ಥದ ಟಿಪ್ಪಣಿ ಬಿಟ್ಟುಹೋಗಿರುತ್ತಾರೆ. ಮುಂದೆ ಬರುವ ಅಪರಿಚಿತನನ್ನು ನೆನೆದು ಬರೆದ ಆ ಒಂದು ಸಾಲು ಶುಕ್ರವಾರದ ಕ್ಯಾನ್ವಾಸಿಗಿಂತ ಕಲೆಗೆ ಹತ್ತಿರ. ನಮ್ಮ ತಂಡದಲ್ಲಿ ಶಿರಸಿ ಕಡೆಯ ಹುಡುಗಿಯೊಬ್ಬಳು ಹೊಸಬನಿಗೆ ಡೆಡ್‌ಲಾಕ್ ಎಂದರೇನು ಎಂದು ವಿವರಿಸುತ್ತಿದ್ದಳು: "ಘಟ್ಟದ ತಿರುವಿನಲ್ಲಿ ಎರಡು ಲಾರಿ ಎದುರುಬದುರು ಬಂದು, ನೀನು ಹಿಂದೆ ತಗೋ, ನೀನು ತಗೋ ಅಂತ ಕೂತಹಾಗೆ." ಟೆಕ್ಸ್ಟ್‌ಬುಕ್ಕಿನ ಚಿತ್ರಕ್ಕಿಂತ ಇದು ಖಚಿತವಾಗಿತ್ತು. ಹಾರ್ನ್ ಒಂದೇ ಬಾಕಿ.

ಇದಕ್ಕೆ ಒಂದು ಅಪಾಯವೂ ಅಂಟಿಕೊಂಡಿದೆ, ಮ್ಯಾನೇಜರಾಗಿ ನಾನೇ ಹೇಳಬೇಕು. ಕೆಲಸವನ್ನು ಪ್ರೀತಿಸಿ ಎಂದು ಕಂಪನಿ ಹೇಳಿದಾಗ ಅದರ ಹಿಂದೆ ಶನಿವಾರವೂ ಬನ್ನಿ ಎಂಬುದು ಅಡಗಿರಬಹುದು. 'ಶಿಕಾರಿ'ಯನ್ನು ಬಿಡಲಾಗದಿರುವುದು ಈ ಕಾರಣಕ್ಕೆ. ಕಸುಬಿನ ಮೇಲಿನ ಅಕ್ಕರೆಗೂ ಒಡೆಯನ ಮೇಲಿನ ನಿಷ್ಠೆಗೂ ಸಂಬಂಧವಿಲ್ಲ ಎಂಬ ಎಚ್ಚರ ಬೇಕು. ಈ ಎಚ್ಚರ ಇಟ್ಟುಕೊಂಡೇ ಕಸುಬಿನ ಬಗ್ಗೆ ಬರೆಯುವವರು ಬೇಕು.

ನಮ್ಮಂಥ ಪತ್ರಿಕೆಗಳಿಗೆ ಬರುವ ಕಥೆಗಳಲ್ಲಿ ಈಗ ಎರಡಕ್ಕೊಬ್ಬ ನಾಯಕ ಸಾಫ್ಟ್‌ವೇರ್ ಇಂಜಿನಿಯರ್. ಅವನು ಮೂರನೆಯ ಪ್ಯಾರಾದಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಾನೆ, ಕಿಟಕಿಯಾಚೆ ಮಳೆ ಬರುತ್ತದೆ, ನಾಲ್ಕನೆಯ ಪ್ಯಾರಾದಲ್ಲಿ ಅಜ್ಜಿಯ ಮನೆಯ ಅಂಗಳ. ಅಂಗಳದ ಒಂದೊಂದು ಗಿಡಕ್ಕೂ ಹೆಸರಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಆ ರಾತ್ರಿ ಏನು ತೆರೆದಿತ್ತು, ಅದು ಸರಿಹೋಯಿತೋ ಇಲ್ಲವೋ, ಕಥೆಗಾರರು ಹೇಳುವುದಿಲ್ಲ.