ನಿಲ್ಲಿಸಲಾಗದ ಹಿಮ

ಚಳಿಗಾಲದ ಥೀಮ್‌ನಲ್ಲಿ ಒಂದು ವೆಬ್‌ಸೈಟ್ ಮಾಡು ಅಂತ ಯಾರಿಗಾದ್ರೂ ಹೇಳಿ ನೋಡಿ. ಮೊದಲ ದಿನವೇ ಹಿಮ ಬೀಳಿಸ್ತಾರೆ. ಹಿಮ ಕಂಡವರೂ ಬೀಳಿಸ್ತಾರೆ, ಫ್ರಿಜ್ಜಿನ ಫ್ರೀಜರ್ ಬಿಟ್ರೆ ಬೇರೆಲ್ಲೂ ಅದನ್ನ ಮುಟ್ಟದ ನನ್ನಂಥವರೂ ಬೀಳಿಸ್ತಾರೆ.

ನನ್ನ ಕೆಲಸ ಬಿಲ್ಲಿಂಗ್ ಸಾಫ್ಟ್‌ವೇರಿನ ಹಿಂಬದಿಯದು. ಇಷ್ಟು ವರ್ಷ ಕೋಡ್ ಬರೆದರೂ, ‘ಇದು ನಾನು ಮಾಡಿದ್ದು’ ಅಂತ ಮನೆಯವರಿಗೆ ತೋರಿಸೋಕೆ ಒಂದು ಬಟನ್ ಕೂಡ ನನ್ನ ಹತ್ರ ಇರಲಿಲ್ಲ. ಅದಕ್ಕೇ ಹೋದ ಡಿಸೆಂಬರ್‌ನಲ್ಲಿ ನಾಲ್ಕು ವೀಕೆಂಡ್ ಎತ್ತಿಟ್ಟು ಫ್ರಂಟ್‌ಎಂಡ್ ಕಲಿಯೋಕೆ ಕೂತೆ. ಬೀಳುವ ಹಿಮ, ಹಿಂದೆ ಮೂರು ಪದರದ ಬೆಟ್ಟ, ಮುಟ್ಟಿದರೆ ದೀಪ ಹತ್ತುವ ಮನೆ, ಮೌಸ್ ಸರಿಸಿದ ಕಡೆ ಬೀಸುವ ಗಾಳಿ. ಪ್ಲ್ಯಾನ್ ಇಷ್ಟೇ.

ಎಲ್ಲರೂ ಹಿಮದಿಂದ ಶುರು ಮಾಡೋದಕ್ಕೆ ಕಾರಣ ಇದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಮೋಡಿ ಬೇರೆ ಯಾವುದರಲ್ಲೂ ಸಿಗಲ್ಲ. ಒಂದು ಹಿಮದ ಚುಕ್ಕೆ ಅಂದ್ರೆ ನಾಲ್ಕೇ ಸಂಖ್ಯೆ: ಅಡ್ಡಕ್ಕೆ ಎಲ್ಲಿದೆ, ಉದ್ದಕ್ಕೆ ಎಲ್ಲಿದೆ, ಎಷ್ಟು ದೊಡ್ಡದು, ಎಷ್ಟು ವೇಗ. ಪರದೆ ಹೊಸದಾಗಿ ಮೂಡುವ ಪ್ರತಿ ಸಲವೂ ಚುಕ್ಕೆಯನ್ನ ಅದರ ವೇಗದಷ್ಟು ಕೆಳಗಿಳಿಸಬೇಕು. ತಳ ಮುಟ್ಟಿದರೆ ಮತ್ತೆ ಮೇಲಕ್ಕೆ ಕಳಿಸಬೇಕು. ಶಾಲೆಯಲ್ಲಿ ಕಲಿತು ಮರೆತ ಸೈನ್ ಸ್ವಲ್ಪ ಬೆರೆಸಿದರೆ ಚುಕ್ಕೆ ತೂಗಾಡುತ್ತಾ ಇಳಿಯುತ್ತೆ. ಚಿಕ್ಕವು ನಿಧಾನ, ದೊಡ್ಡವು ಜೋರು ಅಂತ ಮಾಡಿದರೆ ದೃಶ್ಯಕ್ಕೆ ಆಳ ಬರುತ್ತೆ. ಅರ್ಧ ದಿನದ ಕೆಲಸ, ಇನ್ನೂರು ಚುಕ್ಕೆ, ಕಣ್ಣ ಮುಂದೆ ಯುರೋಪು!

ಕಲಿಯೋಕೆ ಇದರಲ್ಲಿ ಏನೂ ಇಲ್ಲ ಅಂತಲ್ಲ. ಗೆಳೆಯನ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಸೈಟ್ ತೆರೆದಾಗ ನನ್ನ ಹಗುರ ಹಿಮ ಬಿರುಗಾಳಿಯಾಗಿತ್ತು. ನನ್ನ ಪರದೆ ಸೆಕೆಂಡಿಗೆ 60 ಸಲ ಮೂಡಿದರೆ ಅವನದು 144 ಸಲ. ನಾನು ಲೆಕ್ಕ ಹಾಕಿದ್ದು ಪರದೆ ಎಷ್ಟು ಸಲ ಮೂಡಿತು ಅಂತ, ಹಾಕಬೇಕಿದ್ದದ್ದು ಎಷ್ಟು ಸಮಯ ಕಳೆಯಿತು ಅಂತ. ಇಂಥ ಪಾಠಕ್ಕೆ ಹಿಮ ಒಳ್ಳೆ ಮೇಷ್ಟ್ರು. ಆದ್ರೆ ಆ ಮೇಷ್ಟ್ರು ಒಂದು ಪ್ರಶ್ನೆ ಮಾತ್ರ ಕೇಳೋದೇ ಇಲ್ಲ: ಇದು ಯಾಕೆ ಅಲ್ಲಾಡ್ತಿದೆ?

ಆ ಪ್ರಶ್ನೆ ಕೇಳಿದ್ದು ಅಮ್ಮ. ವರ್ಷದ ಕೊನೆಗೆ ಸಕಲೇಶಪುರದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಕಾಫಿ ಕುಯ್ಲಿನ ಕಾಲ. ಸಂಜೆ ಅಮ್ಮ ಕಣದ ಕೆಲಸ ಮುಗಿಸಿ ಒಳಗೆ ಬಂದು ಕೂತಿದ್ದೇ ತಡ, ಲ್ಯಾಪ್‌ಟಾಪ್ ತೆರೆದು ಮುಂದಿಟ್ಟೆ. ಒಂದೈದು ಸೆಕೆಂಡ್ ನೋಡಿದಳು. ನಾನು ಉತ್ಸಾಹದಲ್ಲಿ ಸ್ಕ್ರೋಲ್ ಮಾಡಿ ಬೆಟ್ಟಗಳನ್ನ ಒಂದೊಂದು ವೇಗದಲ್ಲಿ ಓಡಿಸಿದೆ. ಅಮ್ಮ ಕಣ್ಣು ಮುಚ್ಚಿ ಮೇಜಿನ ಅಂಚು ಹಿಡ್ಕೊಂಡಳು. “ತಲೆ ಸುತ್ತುತ್ತೆ ಮಾರಾಯ. ಇದನ್ನ ನಿಲ್ಸೋದು ಹೆಂಗೆ?”

ನಿಲ್ಲಿಸೋ ಬಟನ್ ನಾನು ಮಾಡಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ.

ಅಮ್ಮನಿಗೆ ವರ್ಟಿಗೋ ಇರೋದು ನನಗೆ ಹೊಸ ವಿಷಯ ಅಲ್ಲ. ಅವಳ ಮಾತ್ರೆ ತಂದುಕೊಡೋನೇ ನಾನು. ಕಣ್ಣು ‘ಎಲ್ಲ ಚಲಿಸ್ತಿದೆ’ ಅನ್ನುತ್ತೆ, ಒಳಗಿವಿ ‘ಇಲ್ಲ, ಕೂತಲ್ಲೇ ಇದ್ದೀವಿ’ ಅನ್ನುತ್ತೆ. ಈ ಜಗಳ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಆಗಲ್ಲ, ಅಮ್ಮನಂಥವರನ್ನ ಮಲಗಿಸಿಬಿಡುತ್ತೆ. ವೆಬ್‌ಸೈಟುಗಳು ಎಲ್ಲರಿಗೂ ಎಟುಕಬೇಕು ಅಂತ ಡಬ್ಲ್ಯು3ಸಿ ಸಂಸ್ಥೆ ಮಾಡಿರುವ ಮಾರ್ಗಸೂಚಿಯಲ್ಲಿ 2008ರಿಂದಲೇ ಒಂದು ನಿಯಮ ಇದೆ. ಪುಟದ ಬೇರೆ ವಿಷಯದ ಜೊತೆಗೆ ಯಾವುದಾದರೂ ತಾನಾಗಿ ಚಲಿಸೋಕೆ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಮುಂದುವರಿದರೆ, ಅದನ್ನ ನಿಲ್ಲಿಸೋ ದಾರಿ ಬಳಕೆದಾರರಿಗೆ ಇರಬೇಕು. ಇದು ಮೊದಲ ಹಂತದ, ಅಂದ್ರೆ ಕನಿಷ್ಠ ಮರ್ಯಾದೆಯ ನಿಯಮ. ಫೋನು, ಕಂಪ್ಯೂಟರುಗಳಲ್ಲಿ ಚಲನೆ ಕಡಿಮೆ ಮಾಡೋ ಸೆಟ್ಟಿಂಗ್ ಇದೆ. ಅದು ಆನ್ ಆಗಿದೆಯಾ ಅಂತ ನಮ್ಮ ಪುಟ ಸಿಎಸ್‌ಎಸ್‌ನ ಒಂದೇ ಸಾಲಲ್ಲಿ ಕೇಳಿ ತಿಳಿಯಬಹುದು. ನಾನು ನೋಡಿ ಕಲಿತ ಹಿಮದ ಟ್ಯುಟೋರಿಯಲ್‌ಗಳಲ್ಲಿ ಒಂದರಲ್ಲೂ ಆ ಸಾಲು ಇರಲಿಲ್ಲ. ಟ್ಯುಟೋರಿಯಲ್ ಬಿಡಿ, ಆ ಮನೇಲೇ ಹುಟ್ಟಿ ಬೆಳೆದ ನನಗೂ ಹೊಳೆದಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ, ವೆಬ್‌ನಲ್ಲಿ ಹಿಮ ಅಂದ್ರೆ ಎಲ್ಲರೂ ಹೆಸರೆತ್ತುವ ಕೃತಿಯನ್ನ ಮತ್ತೆ ತೆರೆದೆ. 2012ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ‘ಸ್ನೋ ಫಾಲ್’. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟನಲ್ ಕ್ರೀಕ್ ಎಂಬಲ್ಲಿ ಹಿಮಕುಸಿತವಾಗಿ ಮೂವರು ಸತ್ತಿದ್ದರು. ಅದರ ಕಥೆಯನ್ನ ಜಾನ್ ಬ್ರಾಂಚ್ ಬರೆದರು, ದೊಡ್ಡದೊಂದು ತಂಡ ಅದಕ್ಕೆ ವಿಡಿಯೋ, ನಕ್ಷೆ, ಗ್ರಾಫಿಕ್ಸ್ ಕೂಡಿಸಿತು. ಬ್ರಾಂಚ್‌ಗೆ 2013ರ ಪುಲಿಟ್ಜರ್ ಬಂತು.

ತೆರೆದ ಕೂಡಲೇ ಇಳಿಜಾರಿನ ಮೇಲೆ ಗಾಳಿಗೆ ಹಿಮದ ಪುಡಿ ಹಾರುವ ದೃಶ್ಯ. ಹಿಂದೆ ನೋಡಿದಾಗ ನಾನು ‘ವಾವ್, ಇದನ್ನ ಹೇಗೆ ಮಾಡಿದ್ರು’ ಅಂದಿದ್ದೆ. ಈ ಸಲ ಕಂಡಿದ್ದೇ ಬೇರೆ. ಇಲ್ಲಿ ಹಿಮ ಅಲಂಕಾರ ಅಲ್ಲ, ಅದೇ ಆರೋಪಿ. ನಕ್ಷೆ ಬೆಟ್ಟದ ಮೇಲೆ ಹಾರಿಸಿಕೊಂಡು ಹೋಗುವಾಗ ‘ಇವರು ಇಷ್ಟು ಎತ್ತರದಿಂದ ಇಳಿಯೋಕೆ ಹೊರಟಿದ್ರಾ’ ಅಂತ ಎದೆ ಧಸಕ್ಕನ್ನುತ್ತೆ. ಹಿಮದ ರಾಶಿ ಯಾವ ಕಣಿವೆಯಲ್ಲಿ ಹೇಗೆ ನುಗ್ಗಿತು ಅನ್ನೋದನ್ನ ಮಾತಲ್ಲಿ ಎಷ್ಟು ಹೇಳಿದರೂ ಆ ಜಾಗ ನೋಡದವರಿಗೆ ಅರ್ಥ ಆಗಲ್ಲ. ಅಲ್ಲಿ ಚಲಿಸುವ ಚಿತ್ರ ಮಾತಿನ ಬಾಕಿ ತೀರಿಸುತ್ತೆ.

ಹಾಗಂತ ಎಲ್ಲ ಕಡೆ ಅಲ್ಲ. ಒಬ್ಬರ ಸಾವಿನ ಕಡೆಗೆ ವಾಕ್ಯ ನಡೀತಿರುವಾಗ ಪಕ್ಕದಲ್ಲೊಂದು ವಿಡಿಯೋ ‘ನನ್ನನ್ನೂ ನೋಡು’ ಅನ್ನುತ್ತೆ. ಓದೋದಾ, ನೋಡೋದಾ? ಬರಹಕ್ಕೆ ತನ್ನ ಕಾಲ ಮೇಲೆ ನಿಲ್ಲೋ ಶಕ್ತಿ ಇದ್ದ ಕಡೆಯೂ ಊರುಗೋಲು ಕೊಟ್ಟಿದ್ದಾರೆ ಅನ್ನಿಸಿತು. ಆಮೇಲೆ ಬಂದ ಅನುಕರಣೆಗಳಲ್ಲಿ ನಾನು ನೋಡಿದ ಹೆಚ್ಚಿನವು ಕಲಿತಿದ್ದು ಈ ಊರುಗೋಲನ್ನೇ. ಸ್ಕ್ರೋಲ್ ಮಾಡಿದರೆ ಏನೋ ಜಾರುತ್ತೆ, ಏನೋ ಉಬ್ಬುತ್ತೆ, ಹೇಳೋಕೆ ಮಾತ್ರ ಏನೂ ಇರಲ್ಲ. ನನ್ನ ಸೈಟೂ ಅದೇ ಜಾತಿಯದು.

ಹಾಗಾದ್ರೆ ನನಗೆ ಗೊತ್ತಿರೋ ಚಳಿಗಾಲ ಯಾವುದು? ಅಮ್ಮ ಆ ಸಂಜೆ ಮುಗಿಸಿ ಬಂದಿದ್ದ ಕೆಲಸವೇ. ಹಣ್ಣನ್ನ ಹಾಗೇ ಒಣಗಿಸಿದರೆ ಚೆರ್ರಿ, ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಬಿಸಿಲಿರುವಾಗ ಕಣದಲ್ಲಿ ತೆಳ್ಳಗೆ ಹರಡಿ ಆಗಾಗ ಕೈಯಾಡಿಸ್ತಿರಬೇಕು. ಇಬ್ಬನಿ ಬೀಳೋದಕ್ಕೆ ಮುಂಚೆ ಮುಚ್ಚಬೇಕು. ಒದ್ದೆಯಾದರೆ ಬೂಸ್ಟು, ಬೂಸ್ಟು ಬಂದರೆ ರೇಟಿಲ್ಲ. ಕೈಗೆ ಕೆಲಸ, ಕೆಲಸಕ್ಕೆ ಗಡುವು, ಮರೆತರೆ ನಷ್ಟ. ಇಂಟರ್‌ಆ್ಯಕ್ಟಿವ್ ಅನ್ನೋ ಪದಕ್ಕೆ ಇದಕ್ಕಿಂತ ಅರ್ಥ ಬೇಕಾ?

ಹಿಮದ ಕೋಡ್ ಪೂರ್ತಿ ಅಳಿಸಿದೆ. ಹೊಸ ಸೈಟಿನಲ್ಲಿ ಒಂದು ಕಣ, ಹರಡಿದ ಕಾಫಿ. ನೀವು ಮುಟ್ಟದೆ ಯಾವುದೂ ಅಲುಗಾಡಲ್ಲ. ಬೆರಳಾಡಿಸಿದರೆ ಕಾಳು ಮಗುಚುತ್ತೆ, ಬಣ್ಣ ನಿಧಾನ ತಿರುಗುತ್ತೆ. ಬೆಳಕು ಕಡಿಮೆಯಾಗುವ ಹೊತ್ತಿಗೆ ಟಾರ್ಪಾಲ್ ಎಳೆಯಬೇಕು, ಮರೆತರೆ ಬೆಳಗ್ಗೆ ಕಾಫಿ ಒದ್ದೆ. ಮಾಡೋಕೆ ಹಿಡಿದದ್ದು ಹಿಮದ ಮೂರು ಪಟ್ಟು ಸಮಯ. ಯಾಕಂದ್ರೆ ಬಿದ್ದ ಚುಕ್ಕೆಗೆ ನೆನಪು ಬೇಕಿಲ್ಲ, ಕಾಳಿಗೆ ಬೇಕು. ಎಷ್ಟು ಬಿಸಿಲು ಕಂಡಿತು, ಯಾವ ಮಗ್ಗುಲು ಬಾಕಿ ಅಂತ ಪ್ರತಿಯೊಂದಕ್ಕೂ ಲೆಕ್ಕ ಇಡಬೇಕು. ಫ್ರಂಟ್‌ಎಂಡ್‌ನಲ್ಲಿ ‘ಸ್ಟೇಟ್’ ಅಂತ ಯಾವುದಕ್ಕೆ ಅಷ್ಟು ತಲೆ ಚಚ್ಕೋತಾರೋ, ಅದು ನನಗೆ ಅರ್ಥ ಆಗಿದ್ದು ಇಲ್ಲಿ.

ಆಫೀಸಿನಲ್ಲಿ ಮೊದಲನೇ ಸೈಟಿಗೆ ‘ಸೂಪರ್ ಮಗಾ’ ಅಂದವರು ಎರಡನೇದನ್ನ ನೋಡಿ ‘ಹಿಮ ಎಲ್ಲಿ ಹೋಯ್ತೋ?’ ಅಂದರು. ಅಮ್ಮನಿಗೆ ಫೋನಿಗೆ ಲಿಂಕ್ ಕಳಿಸಿದೆ. ತಲೆ ಸುತ್ತಲಿಲ್ಲವಂತೆ. ಅರ್ಧ ಗಂಟೆ ಬಿಟ್ಟು ಅವಳೇ ಫೋನ್ ಮಾಡಿದಳು.

“ಹರಡಿದ್ದರ ಮೇಲೇ ಟಾರ್ಪಾಲ್ ಎಳೀತಾರೇನಾ? ಮೊದಲು ಗುಡ್ಡೆ ಮಾಡ್ಬೇಕು, ಆಮೇಲೆ ಮುಚ್ಚೋದು. ಇಷ್ಟು ವರ್ಷ ನೋಡಿದ್ದು ಎಂತ ನೀನು?”

ನನ್ನ ಸೈಟಿಗೆ ಬಂದ ಮೊದಲ ನಿಜವಾದ ವಿಮರ್ಶೆ ಅದು. ಸರಿ ಮಾಡ್ತಾ ಇದ್ದೀನಿ.