ಮೂರು ಚುಕ್ಕಿ, ಒಬ್ಬ ಅಜ್ಜಿ

ಹಳೆಯ ಬರಹಗಳನ್ನೆಲ್ಲ ಒಟ್ಟು ಮಾಡಿ ಒಂದು ಕಡೆ ಇಡೋಣ ಅಂತ ಹೋದ ತಿಂಗಳು ಕೂತೆ. ಅರ್ಧಕ್ಕರ್ಧ ನುಡಿಯಲ್ಲಿ ಟೈಪ್ ಮಾಡಿದ ಫೈಲುಗಳು. ಅವನ್ನು ಯುನಿಕೋಡ್‌ಗೆ ಬದಲಾಯಿಸಿದರೆ ಅರ್ಕಾವತ್ತು ಎಲ್ಲೋ ಹೋಗಿ ಕೂತಿರುತ್ತದೆ, ಒತ್ತಕ್ಷರಗಳು ಕಾಲು ಮುರಿದುಕೊಂಡಿರುತ್ತವೆ. ಸರಿ ಮಾಡಬೇಕು ಅಂದರೆ ಪ್ರತಿ ಸಾಲನ್ನೂ ಓದಲೇಬೇಕು. ಬರೆದ ದಿನ ಕೂಡ ನಾನು ಅವನ್ನು ಅಷ್ಟು ನಿಧಾನವಾಗಿ ಓದಿರಲಿಲ್ಲ. ಎಂಟು ವರ್ಷದ್ದು, ಒಟ್ಟು 114 ಬರಹ.

ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಒಂದು ಅನುಮಾನ ಶುರುವಾಯಿತು. ಇದನ್ನ ಈಗಷ್ಟೇ ಓದಿದೆನಲ್ಲ? ಇಲ್ಲ, ವಿಷಯ ಬೇರೆ. ಅದು ಸಂತೆಯ ಬಗ್ಗೆ, ಇದು ಬಸ್‌ಸ್ಟ್ಯಾಂಡಿನ ಬಗ್ಗೆ. ಆದರೆ ನಡಿಗೆ ಒಂದೇ. ಮೊದಲು ಒಂದು ತಮಾಷೆ, ಆಮೇಲೆ ಊರಿನ ನೆನಪು, ಕೊನೆಗೆ ಅಜ್ಜಿ, ಅಜ್ಜಿಯ ಹಿಂದೆ ಮೂರು ಚುಕ್ಕಿ. ಯುನಿಕೋಡ್ ಆದಮೇಲೆ ಹುಡುಕೋದು ಸುಲಭ ನೋಡಿ. ‘ಅಜ್ಜಿ’ ಅಂತ ಹೊಡೆದೆ. 31 ಬರಹಗಳಲ್ಲಿ ಸಿಕ್ಕಳು. ಅದರಲ್ಲಿ 19 ಅವಳಿಂದಲೇ ಮುಗಿಯುತ್ತವೆ. ‘ಏನೋ ಒಂಥರಾ’ 43 ಸಲ ಬಂದಿದೆ. ಮೂರು ಚುಕ್ಕಿ ಎಣಿಸುವುದನ್ನು ಅರ್ಧಕ್ಕೇ ಬಿಟ್ಟೆ.

ಇವೆಲ್ಲ ಸಣ್ಣ ಚಟ, ಬರೆಯೋರಿಗೆಲ್ಲ ಇರುತ್ತೆ ಅಂತ ಸಮಾಧಾನ ಮಾಡಿಕೊಂಡೆ. ಆದರೆ ಒಂದೊಂದು ಚಟವೂ ಎಂಥ ಜಾಗದಲ್ಲಿ ಬರುತ್ತದೆ ಅಂತ ನೋಡುತ್ತ ಹೋದಾಗ ಮುಖ ಸಣ್ಣದಾಯಿತು. ಸಂತೆಯ ಬರಹದಲ್ಲಿ ಹಳ್ಳಿಯಿಂದ ಸೊಪ್ಪು ತರುವ ಹೆಂಗಸೊಬ್ಬಳಿದ್ದಾಳೆ. ಸಂಜೆ ಉಳಿದ ಸೊಪ್ಪನ್ನು ಏನು ಮಾಡುತ್ತಾಳೆ, ಸುಂಕ ಎಷ್ಟು ಕಟ್ಟುತ್ತಾಳೆ, ಬಸ್ಸಿಗೆ ಎಷ್ಟು ಕೊಟ್ಟು ಬರುತ್ತಾಳೆ, ಒಂದನ್ನೂ ನಾನು ಕೇಳಿರಲಿಲ್ಲ. ‘ಅವಳ ಕಣ್ಣಲ್ಲಿ ಏನೋ ಒಂಥರಾ...’ ಅಂತ ಬರೆದು ಎದ್ದಿದ್ದೇನೆ. ಓದಿದ ಕೆಲವರು ಆ ಚುಕ್ಕಿಗಳಲ್ಲಿ ಆಳ ಕಂಡರು. ಅಲ್ಲಿದ್ದದ್ದು ನನ್ನ ಸೋಮಾರಿತನ.

‘ಅಲ್ವಾ?’ ಇನ್ನೊಂದು. ಒಂದು ಮಾತು ಹೇಳಿ ಅದಕ್ಕೆ ಕಾರಣ ಕೊಡಬೇಕಾದ ಕಡೆಯಲ್ಲೆಲ್ಲ ನಾನು ‘ಅಲ್ವಾ?’ ಅಂತ ಕೇಳಿದ್ದೇನೆ. ಮದುವೆಮನೆ ಬಾಗಿಲಲ್ಲಿ ನಿಂತು ಊಟ ಹೇಗಿತ್ತು ಅಂತ ಕೇಳಿದ ಹಾಗೆ. ಅಲ್ಲಿ ಚೆನ್ನಾಗಿರಲಿಲ್ಲ ಅನ್ನೋರು ಯಾರು?

ಗದುಗಿನ ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ ಹಲಗೆ ಬಳಪ ಹಿಡಿಯದೆ ಬರೆಯುವುದನ್ನೂ, ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದನ್ನೂ ತನ್ನ ಹೆಚ್ಚುಗಾರಿಕೆ ಎಂದು ಹೇಳಿಕೊಂಡಿದ್ದಾನೆ. ಅಷ್ಟು ದೊಡ್ಡ ಕಾವ್ಯವನ್ನು ಭಾಮಿನಿ ಷಟ್ಪದಿಯಲ್ಲಿ ಓಡಿಸಿದವನು, ಅವನಿಗೆ ಆ ಮಾತು ಸಲ್ಲುತ್ತದೆ. ನಾನೂ ರಾತ್ರಿ ಹನ್ನೊಂದಕ್ಕೆ ಕೂತು ಹನ್ನೆರಡಕ್ಕೆ ಮುಗಿಸಿ, ‘ಒಂದೇ ಏಟಿಗೆ ಬರೆದದ್ದು ಕಣಯ್ಯ’ ಅಂತ ಗೆಳೆಯರ ಹತ್ತಿರ ಕೊಚ್ಚಿಕೊಂಡಿದ್ದೇನೆ. ನಾನು ಪದ ಅಳಿಸದೆ ಇದ್ದದ್ದಕ್ಕೆ ಕಾರಣ ಇಷ್ಟೇ: ಎರಡನೇ ಸಲ ಓದಲಿಲ್ಲ.

ಹಾಗಾದರೆ ಇಷ್ಟು ವರ್ಷ ನನ್ನನ್ನು ನಾನು ವಿಮರ್ಶೆ ಮಾಡಿಕೊಳ್ಳಲೇ ಇಲ್ಲವೇ? ಮಾಡಿಕೊಂಡಿದ್ದೇನೆ ಅಂತಲೇ ತಿಳಿದಿದ್ದೆ. ‘ನಾನೇನು ಸಾಹಿತಿಯಲ್ಲ’, ‘ಇದು ಬರೀ ಹರಟೆ’, ‘ಏನೋ ತೋಚಿದ್ದು ಗೀಚಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’. ಹತ್ತಕ್ಕೆ ನಾಲ್ಕು ಬರಹ ಶುರುವಾಗುವುದೇ ಹೀಗೆ. ಈಗ ಓದಿದರೆ ಅದರ ಮರ್ಮ ಗೊತ್ತಾಗುತ್ತದೆ. ನಾವೇ ಮೊದಲು ಬೈದುಕೊಂಡುಬಿಟ್ಟರೆ ಬೇರೆಯವರಿಗೆ ಬೈಯಲು ಏನೂ ಉಳಿಯುವುದಿಲ್ಲ. ಮೇಲಾಗಿ, ಅಯ್ಯೋ ಹಾಗನ್ನಬೇಡಿ, ಚೆನ್ನಾಗಿ ಬರೀತೀರಿ ಅಂತ ನಾಲ್ಕು ಜನ ಹೇಳುತ್ತಾರೆ. ಅಂಕಣ ಅಂದರೆ ಹಗುರ ಎಂಬ ನೆಪವೂ ನಿಲ್ಲುವುದಿಲ್ಲ. 1989ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾ.ಮಾ. ನಾಯಕರ ‘ಸಂಪ್ರತಿ’ಗೆ, ಅದು ಅಂಕಣಗಳ ಸಂಕಲನವೇ. ನಾನು ಕೆಟ್ಟ ಬರಹಗಾರ ಅಂತ ಒಟ್ಟಾರೆ ಹೇಳಿಕೊಳ್ಳುವುದಕ್ಕೆ ಏನೂ ಖರ್ಚಿಲ್ಲ. ಈ ಸಾಲು ಸುಳ್ಳು ಅಂತ ಬೆರಳಿಟ್ಟು ತೋರಿಸಬೇಕಾದಾಗ ಕೈ ನಡುಗುತ್ತದೆ.

ನನಗೆ ಹಾಗೆ ಬೆರಳಿಟ್ಟು ತೋರಿಸಿದ್ದು ಅಮ್ಮ.

ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲೇ ಇದ್ದರು. ಓದುವ ಹಾಗಿರಲಿಲ್ಲ. ಹೊತ್ತು ಹೋಗಲಿ ಅಂತ ನಾನೇ ಸರಿ ಮಾಡಿದ ಬರಹಗಳನ್ನು ಓದಿ ಹೇಳುತ್ತಿದ್ದೆ. ಒಂದು ಬರಹದ ಕೊನೆಯಲ್ಲಿ, ಮನೆಮಂದಿಗೆಲ್ಲ ಬಡಿಸಿ, ತಳ ಹತ್ತಿದ ಮುದ್ದೆಯನ್ನು ನಗುನಗುತ್ತಾ ಉಣ್ಣುತ್ತಿದ್ದ ಅಜ್ಜಿ ಬರುತ್ತಾಳೆ. ತುಂಬ ಜನ ಮೆಚ್ಚಿದ ಸಾಲು. ಓದಿ ಮುಗಿಸಿ ಅಮ್ಮನ ಮುಖ ನೋಡಿದೆ.

“ಅತ್ತೆ ನಗ್ತಿದ್ರು ಅಂತ ಯಾರೋ ಹೇಳಿದ್ದು ನಿಂಗೆ?” ಅಂದರು.

“ನಂಗೆ ಹಂಗೇ ನೆನಪು.”

“ನೀನು ಉಂಡು ಆಚೆ ಓಡೋಗಿರ್ತಿದ್ದೆ, ನೀನೆಲ್ಲಿ ನೋಡಿದ್ದೆ? ಗೋಡೆ ಕಡೆ ಮುಖ ಮಾಡ್ಕೊಂಡು ಉಣ್ಣೋರು. ಸಾರು ಮುಗಿದೋಗಿರೋದು, ಮಜ್ಜಿಗೆ ಹುಯ್ಕೊಂಡು. ನಾನು ಬಂದ ಹೊಸದರಲ್ಲಿ ಒಂದಿನ ಅವರಿಗೇಂತ ಸಾರು ಎತ್ತಿಟ್ಟೆ. ಅದಕ್ಕೆ ನಿಮ್ಮ ತಾತ ಏನು ರೇಗಿದ್ರು ಅಂತೀಯ. ಆಮೇಲೆ ಅತ್ತೇನೇ ಬೇಡ ಬಿಡು ಅಂದ್ರು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಅವರನ್ನ ಆರಾಮಾಗಿ ನಗಿಸಿಬಿಟ್ಟಿದೀಯ” ಅಂದರು. ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ.

ಅವತ್ತು ರಾತ್ರಿ ಅಜ್ಜಿ ಬರುವ 31 ಬರಹಗಳನ್ನೂ ತೆಗೆದು ಕೂತೆ. ಅವಳು ಬಡಿಸುತ್ತಾಳೆ, ತಲೆ ಸವರುತ್ತಾಳೆ, ನಗುತ್ತಾಳೆ, ಸಾಯುತ್ತಾಳೆ. ಒಂದರಲ್ಲೂ ಒಂದು ಮಾತಾಡುವುದಿಲ್ಲ. ನಿಜವಾದ ಅಜ್ಜಿಗೆ ಬಾಯಿ ಜೋರಿತ್ತು, ಬೈದರೆ ಬೀದಿಗೆ ಕೇಳುತ್ತಿತ್ತು. ಬರಹ ಮುಗಿಸುವ ಅವಸರದಲ್ಲಿ ನಾನು ಆ ಬಾಯಿ ಮುಚ್ಚಿಸಿದ್ದೆ. ಜೊತೆಗೆ ತಾತ ರೇಗಿದ್ದನ್ನೂ ಮುಚ್ಚಿಹಾಕಿದ್ದೆ, ಅದು ನನಗೇ ಗೊತ್ತಿಲ್ಲದ ಹಾಗೆ. ನಮ್ಮನೆಯಲ್ಲಿ ಹೆಂಗಸರು ಹಸಿದಿದ್ದರು ಅನ್ನುವುದು ನನ್ನ ಒಂದು ಸಾಲಿನಿಂದ ಸಿಹಿಯಾದ ನೆನಪಾಗಿಬಿಟ್ಟಿತು. ಆ ಸಾಲನ್ನು ಮೆಚ್ಚಿದವರ ಮನೆಗಳಲ್ಲೂ ಹಾಗೇ ಆಗಿರಬಹುದು.

‘ನಗುನಗುತ್ತಾ’ ಅನ್ನುವುದನ್ನು ಹೊಡೆದುಹಾಕಿದೆ. ಆ ಜಾಗದಲ್ಲಿ ಗೋಡೆ, ಮಜ್ಜಿಗೆ ಮತ್ತು ಎತ್ತಿಟ್ಟ ಸಾರಿನ ಕಥೆ ಬಂತು. ಬರಹ ಮೊದಲಿನಷ್ಟು ಚೆಂದ ಇಲ್ಲ, ಓದಿದ ಗೆಳೆಯನೊಬ್ಬ ‘ಹಳೇದೇ ಇರಲಿ’ ಅಂದ. ಇರಲಿ ಬಿಡಲಿಲ್ಲ. ಈಗ ಬರೆಯುವಾಗ ಎಲ್ಲಿ ಮೂರು ಚುಕ್ಕಿ ಇಡಬೇಕು ಅನಿಸುತ್ತದೋ ಅಲ್ಲಿ ನಿಲ್ಲಿಸಿ, ಯಾರನ್ನು ಕೇಳಿದರೆ ಇದು ಗೊತ್ತಾಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಇದರಿಂದ ನಾನು ಬರೆಯುವುದು ಮೊದಲಿಗಿಂತ ಕಡಿಮೆಯಾಗಿದೆ.

ಅಜ್ಜಿಯಿಂದ ಮುಗಿಯುವ ಬರಹಗಳು ಇನ್ನೂ 18 ಉಳಿದಿವೆ. ಅಮ್ಮನಿಗೆ ಕಣ್ಣು ಸರಿಯಾಗಿದೆ, ಇನ್ನು ತಾವೇ ಓದುತ್ತಾರಂತೆ. ಪ್ರಿಂಟ್ ತೆಗೆದು, ಪಕ್ಕದಲ್ಲಿ ಒಂದು ಕೆಂಪು ಪೆನ್ನು ಇಟ್ಟುಬಂದಿದ್ದೇನೆ.