ಆಹ್ವಾನವೋ, ಪಂಥಾಹ್ವಾನವೋ?

ವಿರೋಧಿಯನ್ನು ಚಳವಳಿಯ ವೇದಿಕೆಗೆ ಕರೆಯಬೇಕೆ, ಬೇಡವೆ? ಜಯನಗರದ ನಮ್ಮ ಗೆಳೆಯರ ಬಳಗವೊಂದು ಮೂಢನಂಬಿಕೆಯ ವಿರುದ್ಧ ಸಭೆ ಕೂಡಿಸಹೊರಟು, ಜ್ಯೋತಿಷಿಯೊಬ್ಬರಿಗೂ ಭಾಷಣದ ಅವಕಾಶ ಕೊಡುವ ವಿಚಾರದಲ್ಲಿ ಎರಡು ಪಕ್ಷವಾಗಿದೆ. ಈ ವ್ಯಾಜ್ಯಕ್ಕೆ ನಮ್ಮೂರಿನಲ್ಲೇ ಒಂದು ನಿದರ್ಶನವುಂಟು.

1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಡಾ. ಎಚ್. ನರಸಿಂಹಯ್ಯನವರು, ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಕಾಲದಲ್ಲಿ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ನೇಮಿಸಿದರು. ಸಮಿತಿಯ ಕಟ್ಟುಪಾಡಿನೊಳಗೆ ಪವಾಡ ತೋರಿಸಬೇಕೆಂದು ಸತ್ಯ ಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ, 1977ರಲ್ಲಿ ಸಮಿತಿಯೇ ವಿಸರ್ಜನೆಯಾಯಿತು.

‘ತೆರೆದ ಮನ’ವೆಂದು ತಮ್ಮ ಪುಸ್ತಕಕ್ಕೆ ಹೆಸರಿಟ್ಟವರು ಬಾಬಾ ಅವರ ಮುಂದಿಟ್ಟದ್ದು ವೇದಿಕೆಯನ್ನಲ್ಲ, ಪರೀಕ್ಷೆಯ ಮೇಜನ್ನು. ಇದು ಅಸಹನೆಯೆಂದರೆ ನಾನೊಪ್ಪೆ. ವಿಭೂತಿ ಗಾಳಿಯಿಂದ ಬಂತೋ, ಬೆರಳ ಸಂದಿಯಿಂದ ಬಂತೋ ಎಂಬುದು ಭಾಷಣದಿಂದ ತೀರ್ಮಾನವಾಗುವ ಸಂಗತಿಯಲ್ಲ. ಅಲ್ಲಿ ಮೈಕು ಕೊಟ್ಟರೆ ಗೆಲ್ಲುವುದು ನಾಲಗೆ. (ಚಪ್ಪಾಳೆಯ ಲೆಕ್ಕದಲ್ಲಿ ವಿಜ್ಞಾನ ಎಂದು ತಾನೆ ಗೆದ್ದಿದೆ?)

ನನ್ನ ಆಕ್ಷೇಪ ಬೇರೆ. ಆ ಪತ್ರಗಳ ವಿಳಾಸ ಒಬ್ಬರದು, ಓದುಗರು ಇಡೀ ನಾಡು. ಅಷ್ಟು ಪ್ರಚಾರವಾದ ಮೇಲೆ ಅದು ಆಹ್ವಾನವಾಗಿ ಉಳಿಯದು, ಪಂಥಾಹ್ವಾನವಾಗುತ್ತದೆ. ಒಪ್ಪಿ ಬಂದರೆ ಅರ್ಧ ಸೋತಂತೆ. ಬಾರದವರಿಗೆ ಅದೇ ಒಳ್ಳೆಯ ನೆಪ.

‘ಶೂನ್ಯಸಂಪಾದನೆ’ಯನ್ನು ನೋಡಿ. ಅಲ್ಲಮ ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆಸಿ ಪ್ರಶ್ನಿಸುವುದಿಲ್ಲ. ತಾನೇ ಸೊನ್ನಲಿಗೆಗೆ ಹೋಗಿ, ಕೆರೆ ತೋಡುತ್ತಿದ್ದವರ ನಡುವೆ ನಿಂತು, ಅವರ ಗುರುವನ್ನೇ ಮೂದಲಿಸಿ ಕಲ್ಲಿನ ಮಳೆಗೆ ಮೈಯೊಡ್ಡುತ್ತಾನೆ. ಕೊನೆಗೆ ಅಲ್ಲಮನೇ ಗೆಲ್ಲುತ್ತಾನೆಂಬುದು ಓದುಗನಿಗೆ ಗೊತ್ತಿರುವುದೇ. ಸಂವಾದವನ್ನು ಜೋಡಿಸಿದವರು ಅವನ ಕಡೆಯವರು. ಆದರೂ ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕ ಅಲ್ಲಿ ಸುಲಭವಾಗಿ ಮಣಿಯುವವಳಲ್ಲ. ಮಾತು ಬಿಟ್ಟವನೇ ಜ್ಞಾನಿಯಾದರೆ ಇಷ್ಟು ಮಾತಾಡುವ ನೀನು ಯಾರು ಎಂಬ ಧಾಟಿಯಲ್ಲಿ ಅಲ್ಲಮನನ್ನೇ ಇಕ್ಕಟ್ಟಿಗೆ ಸಿಕ್ಕಿಸುತ್ತಾಳೆ. ಈ ಭಾಗವನ್ನು ಪಾಠ ಮಾಡುವಾಗಲೆಲ್ಲ ತರಗತಿಯಲ್ಲಿ ಕೆಲವರಾದರೂ ಆಕೆಯ ಪಕ್ಷ ವಹಿಸುತ್ತಾರೆ. ಸಂಪಾದನಕಾರರು ಎದುರಾಳಿಯ ಮಾತಿನ ಮೊನೆ ಮುರಿಯಲಿಲ್ಲ. ಆ ಕೃತಿಯ ನಿಜವಾದ ದೊಡ್ಡಸ್ತಿಕೆ ಇದು, ಗೋರಕ್ಷನ ವಜ್ರಕಾಯದ ಕಥೆಯಲ್ಲ.

ಗೆಳೆಯರಿಗೆ ನಾನು ಹೇಳಿದ್ದಿಷ್ಟು. ಜ್ಯೋತಿಷಿಗಳ ಭಾಷಣ ಬೇಡ. ಹತ್ತು ಜಾತಕ ಕೊಟ್ಟು, ಬದುಕಿರುವವರದು ಯಾವುದು, ತೀರಿಹೋದವರದು ಯಾವುದು ಎಂದು ಕೇಳಿ. ಆದರೆ ಷರತ್ತುಗಳನ್ನು ಅವರ ಮನೆಗೇ ಹೋಗಿ, ಅವರೊಂದಿಗೆ ಕುಳಿತು ಬರೆಯಿರಿ. ಅವರು ಒಪ್ಪುವ ತನಕ ಕರಪತ್ರ ಅಚ್ಚಿಗೆ ಹೋಗದಿರಲಿ.